ಲಿಂಕ್ ಹಂಚಿದಾಗ ಹಳೆಯ ಪೋಸ್ಟರೇ ಏಕೆ ಬರುತ್ತದೆ?

ಪ್ರಶ್ನೆ: ಮೈಸೂರಿನ ಒಂದು ಸಣ್ಣ ಸಂಗೀತ ಸಭೆಯ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ದಸರೆಯ ಸಮಯದಲ್ಲಿ ನಾವು ನಡೆಸುವ ಕಛೇರಿಗಳ ವಿವರವನ್ನು ಪ್ರತಿವರ್ಷವೂ ಒಂದೇ ಪುಟದಲ್ಲಿ ಹಾಕಿ, ಅದರ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೂ ಫೇಸ್‌ಬುಕ್ಕಿಗೂ ಕಳಿಸುತ್ತೇವೆ. ಲಿಂಕಿನ ಜೊತೆ ಒಮ್ಮೆ ಕಳೆದ ವರ್ಷದ ಪೋಸ್ಟರ್ ಬರುತ್ತದೆ, ಒಮ್ಮೆ ಪ್ರಾಯೋಜಕರ ಲೋಗೊ ಬರುತ್ತದೆ, ಕೆಲವೊಮ್ಮೆ ಚಿತ್ರವೇ ಇಲ್ಲದೆ ಬರಿಯ ವಿಳಾಸ ಹೋಗುತ್ತದೆ. ವಿವರಣೆಯ ಜಾಗದಲ್ಲಿ ಕನ್ನಡದ ಬದಲು ಓದಲಾಗದ ಅಕ್ಷರಗಳು ಬಂದದ್ದೂ ಉಂಟು. ತಾಣ ಕಟ್ಟಿಕೊಟ್ಟವರನ್ನು ಕೇಳಿದರೆ ‘ಅದೆಲ್ಲ ವಾಟ್ಸ್‌ಆ್ಯಪ್‌ನವರ ಕೈಯಲ್ಲಿದೆ’ ಎನ್ನುತ್ತಾರೆ. ನಿಜವಾಗಿ ನಮ್ಮ ಕೈಯಲ್ಲಿ ಏನಿದೆ?

ಉತ್ತರ: ತಾಣ ಕಟ್ಟಿಕೊಟ್ಟವರ ಮಾತಿನಲ್ಲಿ ಅರ್ಧ ನಿಜವಿದೆ. ಲಿಂಕಿನ ಜೊತೆ ಕಾಣಿಸುವ ಆ ಪುಟ್ಟ ಕಾರ್ಡಿನ ಆಕಾರ, ಅಕ್ಷರದ ಗಾತ್ರ, ಶೀರ್ಷಿಕೆಯನ್ನು ಎಷ್ಟು ಸಾಲಿಗೆ ನಿಲ್ಲಿಸಬೇಕು ಎಂಬುದೆಲ್ಲ ಆಯಾ ಆ್ಯಪ್‌ನವರ ತೀರ್ಮಾನ. ಆದರೆ ಆ ಕಾರ್ಡಿನೊಳಗೆ ಯಾವ ಶೀರ್ಷಿಕೆ, ಯಾವ ವಿವರಣೆ, ಯಾವ ಚಿತ್ರ ಬರಬೇಕೆಂಬುದನ್ನು ಪುಟದ ಒಡೆಯರಾದ ನೀವು ಹೇಳಬಹುದು. ಹೇಳದೆ ಬಿಟ್ಟರೆ ಆ್ಯಪ್ ಊಹೆ ಮಾಡುತ್ತದೆ, ಮತ್ತು ನಿಮ್ಮ ಪ್ರಾಯೋಜಕರ ಲೋಗೊ ಅಂಥ ಊಹೆಯ ಫಲ. ನೀವು ಪಟ್ಟಿ ಮಾಡಿರುವ ತೊಂದರೆಗಳೆಲ್ಲ ಒಂದೇ ಕಾಯಿಲೆಯ ಲಕ್ಷಣಗಳಲ್ಲ; ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ, ಆದ್ದರಿಂದ ಒಂದೊಂದಾಗಿಯೇ ನೋಡಬೇಕಾಗುತ್ತದೆ.

ಮೊದಲು ಈ ಕಾರ್ಡ್ ಹುಟ್ಟುವ ಬಗೆಯನ್ನು ತಿಳಿಯೋಣ. ಲಿಂಕನ್ನು ಯಾರಾದರೂ ಹಂಚಿದ ಕೂಡಲೇ ಆ ವಿಳಾಸಕ್ಕೆ ಒಂದು ತಂತ್ರಾಂಶ ಭೇಟಿ ಕೊಡುತ್ತದೆ. ಫೇಸ್‌ಬುಕ್ಕಿನದಕ್ಕೆ ‘ಫೇಸ್‌ಬುಕ್‌ಎಕ್ಸ್‌ಟರ್ನಲ್‌ಹಿಟ್’ ಎಂದು ಹೆಸರು. ಎಕ್ಸ್‌ನದು ಇಂದಿಗೂ ‘ಟ್ವಿಟರ್‌ಬಾಟ್’ ಎಂಬ ಹಳೆಯ ಹೆಸರಿನಲ್ಲೇ ಬರುತ್ತದೆ. ಈ ಬಾಟ್‌ಗಳು ನಿಮ್ಮ ಪುಟವನ್ನು ನಾವು ನೋಡುವಂತೆ ಬಣ್ಣ, ವಿನ್ಯಾಸಗಳ ಸಹಿತ ನೋಡುವುದಿಲ್ಲ. ಸರ್ವರ್ ಕಳಿಸಿದ ಎಚ್‌ಟಿಎಂಎಲ್ ಪಠ್ಯವನ್ನು, ಅಂದರೆ ಪುಟದ ಮೂಲ ಕೋಡನ್ನು, ತೆಗೆದುಕೊಂಡು, ಪರದೆಯ ಮೇಲೆ ಕಾಣದ ಅದರ ಹೆಡ್ ಎಂಬ ಆರಂಭದ ಭಾಗದಲ್ಲಿ ತಮಗಾಗಿ ಏನಾದರೂ ಬರೆದಿದೆಯೇ ಎಂದು ಹುಡುಕಿ, ಸಿಕ್ಕಿದ್ದನ್ನು ತಮ್ಮಲ್ಲಿ ಜೋಪಾನ ಮಾಡಿಕೊಂಡು ಹೋಗುತ್ತವೆ. ಅವುಗಳಿಗೆಂದು ಕೋಡ್‌ನಲ್ಲಿ ಬರೆಯುವ ಪುಟ್ಟ ಸಾಲುಗಳಿಗೆ ಟ್ಯಾಗ್ ಎನ್ನುತ್ತಾರೆ; ಈ ಟ್ಯಾಗ್‌ಗಳ ಒಪ್ಪಂದದ ಹೆಸರು ಓಪನ್ ಗ್ರಾಫ್, ಚುಟುಕಾಗಿ ಓಜಿ. ಫೇಸ್‌ಬುಕ್ ಇದನ್ನು 2010ರ ಏಪ್ರಿಲ್‌ನಲ್ಲಿ ಪ್ರಕಟಿಸಿತು, ಮತ್ತು ಇಂದು ವಾಟ್ಸ್‌ಆ್ಯಪ್, ಲಿಂಕ್ಡ್‌ಇನ್, ಟೆಲಿಗ್ರಾಂ, ಎಕ್ಸ್ ಎಲ್ಲವೂ ಇದನ್ನೇ ಓದುತ್ತವೆ.

ಇಲ್ಲಿ ಟ್ಯಾಗ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ; ಕೋಡ್‌ನಲ್ಲಿ ಅವನ್ನು ರೋಮನ್ ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು. ಓಪನ್ ಗ್ರಾಫ್ ಕಡ್ಡಾಯವೆಂದು ಹೇಳುವುದು ನಾಲ್ಕನ್ನು ಮಾತ್ರ: ಓಜಿ:ಟೈಟಲ್, ಓಜಿ:ಟೈಪ್, ಓಜಿ:ಇಮೇಜ್ ಮತ್ತು ಓಜಿ:ಯುಆರ್‌ಎಲ್. ಇವುಗಳ ಜೊತೆಗೆ ಓಜಿ:ಡಿಸ್ಕ್ರಿಪ್ಶನ್, ಓಜಿ:ಸೈಟ್_ನೇಮ್ ಮತ್ತು ಓಜಿ:ಲೊಕೇಲ್ ಎಂಬ ಮೂರನ್ನು ಸೇರಿಸಿದರೆ ನಿಮ್ಮಂಥ ತಾಣಕ್ಕೆ ಸಾಕು. ಲೊಕೇಲ್‌ಗೆ ಕನ್ನಡದ ಸಂಕೇತವಾದ ಕೆಎನ್, ಅಡಿಗೆರೆ, ಐಎನ್ ಎಂದು ಬರೆಯಬೇಕು. ಬರೆಯದಿದ್ದರೆ ಪುಟವು ಅಮೆರಿಕದ ಇಂಗ್ಲಿಷಿನಲ್ಲಿದೆ ಎಂದು ಒಪ್ಪಂದದ ಪ್ರಕಾರ ಭಾವಿಸಲಾಗುತ್ತದೆ. ಓಪನ್ ಗ್ರಾಫ್ ಟ್ಯಾಗ್‌ಗಳಲ್ಲಿ ಗುಣದ ಹೆಸರು ‘ಪ್ರಾಪರ್ಟಿ’ ಎಂದಿರಬೇಕು, ಎಕ್ಸ್‌ಗಾಗಿ ಬರೆಯುವ ಟ್ಯಾಗ್‌ಗಳಲ್ಲಿ ಅದು ‘ನೇಮ್’ ಎಂದಿರಬೇಕು. ಈ ಎರಡನ್ನು ಅದಲುಬದಲು ಮಾಡಿರುವ ಪುಟಗಳು ಸಾಕಷ್ಟಿವೆ. ಕೆಲವು ಆ್ಯಪ್‌ಗಳು ಅದನ್ನು ಮನ್ನಿಸಿ ಓದಿಕೊಳ್ಳುತ್ತವೆ, ಕೆಲವು ಮನ್ನಿಸುವುದಿಲ್ಲ.

ಈಗ ಪ್ರಾಯೋಜಕರ ಲೋಗೊ. ಓಜಿ:ಇಮೇಜ್ ಇಲ್ಲದ ಪುಟದಲ್ಲಿ ಬಾಟ್‌ಗೆ ಸಿಕ್ಕ ಚಿತ್ರಗಳಲ್ಲಿ ಯಾವುದೋ ಒಂದು ಆಯ್ಕೆಯಾಗುತ್ತದೆ; ನಿಮ್ಮ ಪುಟದಲ್ಲಿ ಪೋಸ್ಟರ್‌ಗಿಂತ ಮೇಲೆ ಲೋಗೊಗಳ ಸಾಲಿದ್ದರೆ ಅದು ಆಯ್ಕೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ಟ್ಯಾಗ್ ಇದ್ದೂ ಹೀಗಾಗುತ್ತಿದ್ದರೆ ಎರಡು ಸಾಧ್ಯತೆಗಳಿವೆ. ಒಂದು, ಚಿತ್ರದ ವಿಳಾಸವನ್ನು ಪೂರ್ಣವಾಗಿ, ಎಚ್‌ಟಿಟಿಪಿಎಸ್‌ನಿಂದ ಆರಂಭಿಸಿ ಬರೆಯದೆ, ತಾಣದೊಳಗಿನ ಅರ್ಧ ವಿಳಾಸವನ್ನಷ್ಟೇ ಕೊಟ್ಟಿರುವುದು. ಎರಡು, ಒಂದೇ ಪುಟದಲ್ಲಿ ಓಜಿ:ಇಮೇಜ್ ಟ್ಯಾಗ್ ಎರಡು ಮೂರು ಸಲ ಬಂದಿರುವುದು. ವರ್ಡ್‌ಪ್ರೆಸ್ ತಾಣಗಳಲ್ಲಿ ಥೀಮ್ ಒಂದು ಟ್ಯಾಗ್ ಬರೆಯುತ್ತದೆ, ಹುಡುಕಾಟಕ್ಕೆಂದು ಹಾಕಿಕೊಂಡ ಪ್ಲಗಿನ್ (ತಾಣಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇನ್ನೊಂದನ್ನು ಬರೆಯುತ್ತದೆ, ಹಂಚಿಕೆಯ ಗುಂಡಿಗಳ ಪ್ಲಗಿನ್ ಮತ್ತೊಂದನ್ನು ಬರೆಯುತ್ತದೆ. ಇಂಥ ಸಂದರ್ಭದಲ್ಲಿ ಮೇಲಿನಿಂದ ಮೊದಲು ಸಿಗುವುದಕ್ಕೆ ಆದ್ಯತೆ ಎಂಬುದು ಓಪನ್ ಗ್ರಾಫ್‌ನ ನಿಯಮ. ಈ ಕೆಲಸವನ್ನು ಒಂದೇ ಪ್ಲಗಿನ್‌ಗೆ ವಹಿಸಿ, ಉಳಿದವುಗಳಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿಬಿಡಿ.

ಚಿತ್ರದ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಭೆಗಳ ಕಾರ್ಡ್‌ಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಗೋಡೆಗೆ ಅಂಟಿಸಲು ಮಾಡಿಸಿದ ಪೋಸ್ಟರ್ ಉದ್ದುದ್ದವಾಗಿರುತ್ತದೆ. ಅದರಲ್ಲಿ ಮೇಲೆ ಗಣಪತಿ, ನಡುವೆ ಕಲಾವಿದರ ಭಾವಚಿತ್ರಗಳು, ಪಕ್ಕವಾದ್ಯದವರ ಹೆಸರುಗಳು, ಕೆಳಗೆ ದಾನಿಗಳ ಪಟ್ಟಿ ಎಲ್ಲವೂ ಇರುತ್ತವೆ. ಕಾರ್ಡಿನ ಚಿತ್ರವಾದರೋ ಅಡ್ಡಡ್ಡ ಇರಬೇಕಾದದ್ದು. ಫೇಸ್‌ಬುಕ್ ಸೂಚಿಸುವ ಅಳತೆ 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರ, ಅಂದರೆ ಹೆಚ್ಚುಕಡಿಮೆ 1.91ಕ್ಕೆ 1ರ ಅನುಪಾತ. ಉದ್ದನೆಯ ಪೋಸ್ಟರನ್ನು ಅಲ್ಲಿ ಕೊಟ್ಟರೆ ಮೇಲು ಕೆಳಗು ಕತ್ತರಿಸಿ ಹೋಗಿ, ಗಾಯಕಿಯ ತಲೆಯೂ ಕಾಣದೆ ದಿನಾಂಕವೂ ಕಾಣದೆ, ತಂಬೂರಿಯ ಬುರುಡೆಯೊಂದೇ ಉಳಿಯುವುದುಂಟು. ಆದ್ದರಿಂದ ಕಾರ್ಡಿಗೆಂದೇ ಬೇರೊಂದು ಅಡ್ಡ ಚಿತ್ರವನ್ನು ಮಾಡಿಸುವುದು ಅಗತ್ಯ. ಪೋಸ್ಟರ್ ಮಾಡುವವರಿಗೆ ಅದು ಅರ್ಧ ಗಂಟೆಯ ಕೆಲಸವೂ ಅಲ್ಲ.

ಆ ಚಿತ್ರದಲ್ಲಿ ಬರಹ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಶೀರ್ಷಿಕೆ ಹೇಗೂ ಕಾರ್ಡಿನ ಕೆಳಗೆ ಅಕ್ಷರದಲ್ಲಿಯೇ ಬರುತ್ತದೆ. ಅದನ್ನೇ ಚಿತ್ರದಲ್ಲಿ ಮತ್ತೊಮ್ಮೆ ಬರೆಯಬೇಕಾಗಿಲ್ಲ. ಕಲಾವಿದರ ಒಂದು ಒಳ್ಳೆಯ ಛಾಯಾಚಿತ್ರ ಮತ್ತು ದಿನಾಂಕ ಇಷ್ಟಿದ್ದರೆ ಧಾರಾಳವಾಯಿತು. ವಾಟ್ಸ್‌ಆ್ಯಪ್ ಕೆಲವು ಸಂದರ್ಭಗಳಲ್ಲಿ ಚಿತ್ರವನ್ನು ಚಿಕ್ಕ ಚೌಕವಾಗಿ ತೋರಿಸುತ್ತದೆ; ಆದ್ದರಿಂದ ಮುಖ್ಯವಾದುದೆಲ್ಲ ಚಿತ್ರದ ನಟ್ಟನಡುವೆ, ಅದರ ಎತ್ತರದಷ್ಟೇ ಅಗಲದ ಚೌಕದೊಳಗೆ ಬರುವಂತೆ ನೋಡಿಕೊಳ್ಳಿ. ಕಡತವನ್ನು ಜೆಪಿಇಜಿ ರೂಪದಲ್ಲಿ 300 ಕೆಬಿಯ ಒಳಗೆ ಉಳಿಸಿ. ಫೇಸ್‌ಬುಕ್ 8 ಎಂಬಿವರೆಗೂ ಒಪ್ಪುತ್ತದೆ, ಎಕ್ಸ್ 5 ಎಂಬಿವರೆಗೂ ಒಪ್ಪುತ್ತದೆ. ವಾಟ್ಸ್‌ಆ್ಯಪ್ ಮಾತ್ರ ಭಾರವಾದ ಚಿತ್ರವನ್ನು ಸದ್ದಿಲ್ಲದೆ ಕೈಬಿಡುತ್ತದೆ, ಯಾವ ದೋಷಸಂದೇಶವನ್ನೂ ಕೊಡುವುದಿಲ್ಲ. ಮುದ್ರಣಕ್ಕೆಂದು ಮಾಡಿದ ಹತ್ತಾರು ಎಂಬಿಯ ಕಡತವನ್ನೇ ತಾಣಕ್ಕೆ ಏರಿಸಿರುವುದು ನಿಮ್ಮಲ್ಲಿ ಚಿತ್ರ ಕಾಣೆಯಾಗಲು ಒಂದು ಕಾರಣವಾಗಿರಬಹುದು. ಎಸ್‌ವಿಜಿ ರೂಪದ ಲೋಗೊವನ್ನಂತೂ ಇಲ್ಲಿ ಬಳಸಲೇಬೇಡಿ.

ಚಿತ್ರದ ಅಗಲ ಮತ್ತು ಎತ್ತರವನ್ನು ಓಜಿ:ಇಮೇಜ್:ವಿಡ್ತ್, ಓಜಿ:ಇಮೇಜ್:ಹೈಟ್ ಟ್ಯಾಗ್‌ಗಳಲ್ಲಿ ನಮೂದಿಸಿ. ಫೇಸ್‌ಬುಕ್ ಹೊಸ ಚಿತ್ರವನ್ನು ತಂದು ಸಿದ್ಧಪಡಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುವುದರಿಂದ, ಅಳತೆ ಗೊತ್ತಿಲ್ಲದಿದ್ದರೆ ಮೊಟ್ಟಮೊದಲು ಹಂಚಿದವರ ಪೋಸ್ಟ್ ಚಿತ್ರವಿಲ್ಲದೆ ಹೋಗುತ್ತದೆ. ಸಭೆಯ ಕಾರ್ಯದರ್ಶಿಗಳೇ ಸಾಮಾನ್ಯವಾಗಿ ಮೊದಲು ಹಂಚುವವರಾದ್ದರಿಂದ, ಎಲ್ಲರೂ ನೋಡುವ ಪೋಸ್ಟೇ ಬೋಳಾಗಿರುತ್ತದೆ. ಓಜಿ:ಇಮೇಜ್:ಆಲ್ಟ್ ಟ್ಯಾಗ್‌ನಲ್ಲಿ ಚಿತ್ರದಲ್ಲಿ ಏನಿದೆ ಎಂದು ಒಂದು ವಾಕ್ಯ ಬರೆಯುವುದನ್ನೂ ಮರೆಯಬೇಡಿ. ನಿಮ್ಮ ಶ್ರೋತೃಗಳಲ್ಲಿ ದೃಷ್ಟಿಯಿಲ್ಲದವರೂ ಇದ್ದೇ ಇರುತ್ತಾರೆ.

ಕಳೆದ ವರ್ಷದ ಪೋಸ್ಟರ್ ಬರುವುದಕ್ಕೆ ಕಾರಣ ಬೇರೆ, ಮತ್ತು ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಇದೇ. ಒಮ್ಮೆ ಬಂದುಹೋದ ಬಾಟ್ ತಾನು ಓದಿದ್ದನ್ನು ಕ್ಯಾಶ್ ಮಾಡಿಕೊಳ್ಳುತ್ತದೆ, ಅಂದರೆ ತನ್ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಅದೇ ವಿಳಾಸವನ್ನು ಇನ್ನೊಬ್ಬರು ಹಂಚಿದಾಗ ಮತ್ತೆ ನಿಮ್ಮ ತಾಣಕ್ಕೆ ಬಾರದೆ ಆ ಪ್ರತಿಯನ್ನೇ ತೋರಿಸುತ್ತದೆ. ಲಿಂಕ್ಡ್‌ಇನ್‌ನಲ್ಲಿ ಇದರ ಅವಧಿ ಸುಮಾರು 7 ದಿನ, ಫೇಸ್‌ಬುಕ್‌ನಲ್ಲಿ ಸುಮಾರು 30 ದಿನ. ಇದರ ಮೇಲೆ ಫೇಸ್‌ಬುಕ್‌ನಲ್ಲಿ ಇನ್ನೊಂದು ತೊಡಕಿದೆ: ಅದು ಚಿತ್ರವನ್ನು ಅದರ ವಿಳಾಸದಿಂದಲೇ ಗುರುತಿಸುತ್ತದೆ. ‘ದಸರಾ-ಪೋಸ್ಟರ್’ ಎಂಬ ಹೆಸರಿನ ಹಳೆಯ ಕಡತದ ಮೇಲೆ ಅದೇ ಹೆಸರಿನ ಹೊಸ ಕಡತವನ್ನು ನೀವು ಏರಿಸಿದರೆ, ತಾಣದಲ್ಲಿ ಹೊಸ ಪೋಸ್ಟರ್ ಕಾಣುತ್ತದೆ, ಕಾರ್ಡಿನಲ್ಲಿ ಹಳೆಯದೇ ಉಳಿಯುತ್ತದೆ. ಚಿತ್ರ ಬದಲಾದಾಗ ಕಡತದ ಹೆಸರೂ ಬದಲಾಗಬೇಕು.

ಇದಕ್ಕಿಂತ ಗಟ್ಟಿಯಾದ ಪರಿಹಾರವೆಂದರೆ ಪ್ರತಿವರ್ಷಕ್ಕೂ ಹೊಸ ಪುಟ, ಹೊಸ ವಿಳಾಸ. ಒಂದೇ ಪುಟವನ್ನು ವರ್ಷವರ್ಷವೂ ಅಳಿಸಿ ಬರೆಯುವ ಪದ್ಧತಿಯನ್ನು ಕೈಬಿಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ವಿಳಾಸದಲ್ಲಿ ಇಸವಿ ಇದ್ದರೆ ಯಾವ ಆ್ಯಪ್‌ನ ಕ್ಯಾಶ್ ಕೂಡ ನಿಮ್ಮನ್ನು ಕಾಡಲಾರದು, ಏಕೆಂದರೆ ಅವುಗಳಿಗೆಲ್ಲ ಅದು ಹಿಂದೆಂದೂ ಕಾಣದ ಪುಟ. ಹಳೆಯ ಪುಟ ಹಾಗೆಯೇ ಉಳಿದರೆ ಯಾವ ವರ್ಷ ಯಾರು ಹಾಡಿದರು, ಯಾರು ನುಡಿಸಿದರು ಎಂಬುದರ ದಾಖಲೆಯೂ ಆಗುತ್ತದೆ. ಸಭೆಗಳು ಇಂಥ ದಾಖಲೆಯನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದೇ ಇಲ್ಲ. ಹಳೆಯ ಪುಟದ ಮೇಲ್ಭಾಗದಲ್ಲಿ ಈ ವರ್ಷದ ಪುಟಕ್ಕೆ ಹೋಗುವ ಸಾಲೊಂದನ್ನು ಸೇರಿಸಿದರೆ ದಾರಿ ತಪ್ಪಿ ಬಂದವರಿಗೂ ಅನುಕೂಲ.

ವಾಟ್ಸ್‌ಆ್ಯಪ್‌ನ ರೀತಿ ಫೇಸ್‌ಬುಕ್ಕಿಗಿಂತ ಬೇರೆ. ಅಲ್ಲಿ ಸಂದೇಶಗಳು ಕಳಿಸುವವರ ಫೋನಿನಲ್ಲೇ ಗೂಢಲಿಪಿಗೆ ತಿರುಗಿ ಹೊರಡುವುದರಿಂದ, ನೀವು ಯಾವ ಲಿಂಕ್ ಕಳಿಸಿದಿರಿ ಎಂಬುದು ಅವರ ಸರ್ವರ್‌ಗೆ ತಿಳಿಯುವುದಿಲ್ಲ. ಆದ್ದರಿಂದ ಕಾರ್ಡನ್ನು ತಯಾರಿಸುವುದು ಕಳಿಸುವವರ ಫೋನು. ಲಿಂಕನ್ನು ಬರೆಯುವ ಪೆಟ್ಟಿಗೆಗೆ ಅಂಟಿಸಿದ ಕ್ಷಣದಲ್ಲಿ ಫೋನು ನಿಮ್ಮ ತಾಣಕ್ಕೆ ಹೋಗಿ, ಟ್ಯಾಗ್‌ಗಳನ್ನು ಓದಿ, ಚಿತ್ರವನ್ನು ಕಿರಿದುಮಾಡಿ ಸಂದೇಶದೊಳಗೇ ಸೇರಿಸುತ್ತದೆ. ಇದರಿಂದ ಎರಡು ಪರಿಣಾಮಗಳಿವೆ. ನಿಮ್ಮ ಸರ್ವರ್ ನಿಧಾನವಾಗಿದ್ದು, ಕಳಿಸುವವರು ಅವಸರದವರಾಗಿದ್ದು, ಕಾರ್ಡ್ ಮೂಡುವ ಮೊದಲೇ ಕಳಿಸುವ ಗುಂಡಿಯನ್ನು ಒತ್ತಿದರೆ ಬರಿಯ ವಿಳಾಸ ಹೋಗುತ್ತದೆ. ನೀವು ಹೇಳಿದ ‘ಕೆಲವೊಮ್ಮೆ’ ಎಂಬ ತೊಂದರೆಗೆ ಇದೇ ಕಾರಣವಿರುವ ಸಂಭವ ಹೆಚ್ಚು. ಅಂಟಿಸಿ, ಕಾರ್ಡ್ ಮೂಡುವವರೆಗೆ ಕಾದು, ಆಮೇಲೆ ಕಳಿಸಿ ಎಂದು ಸಮಿತಿಯವರಿಗೆ ತಿಳಿಸಿ. ಎರಡನೆಯದಾಗಿ, ಒಮ್ಮೆ ಹೋದ ಸಂದೇಶದ ಕಾರ್ಡ್ ಮತ್ತೆ ಬದಲಾಗುವುದಿಲ್ಲ. ಹಂಚಿಯಾದ ಕರಪತ್ರವನ್ನು ಮುದ್ರಣಾಲಯಕ್ಕೆ ಹೋಗಿ ತಿದ್ದಲಾಗದಂತೆಯೇ ಇದು. ಜನ ಅದನ್ನು ಫಾರ್ವರ್ಡ್ ಮಾಡಿದಾಗಲೂ ಹಳೆಯ ಚಿತ್ರವೇ ಜೊತೆಗೆ ಹೋಗುತ್ತದೆ. ತಾಣವನ್ನು ಸರಿಪಡಿಸಿದ ಮೇಲೆ ಹಳೆಯ ಸಂದೇಶವನ್ನು ಮುಂದೆ ಕಳಿಸದೆ, ಲಿಂಕನ್ನು ಹೊಸದಾಗಿ ಅಂಟಿಸಿ ಕಳಿಸಬೇಕು. ಅಷ್ಟಾದರೂ ಫೋನಿನಲ್ಲಿ ಹಳೆಯದೇ ಮೂಡಿದರೆ ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ವಿ=2’ ಎಂಬಂತೆ ಏನಾದರೂ ಸೇರಿಸಿದರೆ, ಆ್ಯಪ್ ಅದನ್ನು ಹೊಸ ವಿಳಾಸವೆಂದು ಭಾವಿಸಿ ಪುಟವನ್ನು ಮತ್ತೆ ಓದುತ್ತದೆ. ಇದು ತುರ್ತಿನ ಉಪಾಯ ಮಾತ್ರ.

ಇನ್ನು ಓದಲಾಗದ ಅಕ್ಷರಗಳು. ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳು ಈ ತೊಂದರೆಯನ್ನು ನಿಮಗೆ ಬಿಡಿಸಿ ಹೇಳುವುದು ಕಡಿಮೆ, ಏಕೆಂದರೆ ಅವರಿಗೆ ಇದು ಒದಗುವುದು ಅಪರೂಪ. ಬಂದ ಅಕ್ಷರಗಳನ್ನು ಸರಿಯಾಗಿ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ತಲೆಯ ಮೇಲೆ ಓರೆಗೀಟಿರುವ ರೋಮನ್ ‘ಎ’ ಅಕ್ಷರ, ಅದರ ಹಿಂದೆಯೇ ಮೇಲಕ್ಕೇರಿದ ಸಣ್ಣ 2 ಅಥವಾ 3ರ ಅಂಕಿ, ಇವು ಮತ್ತೆ ಮತ್ತೆ ಬರುತ್ತಿದ್ದರೆ ಪುಟ ಯುನಿಕೋಡ್‌ನಲ್ಲೇ ಇದೆ, ಆದರೆ ಅದನ್ನು ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಎಂದು ಪುಟ ಘೋಷಿಸಿಲ್ಲ ಎಂದರ್ಥ. ಕ್ಯಾರೆಕ್ಟರ್ ಸೆಟ್ ಎನ್ನುವ ಈ ಘೋಷಣೆಯು ಪುಟದ ಮೊದಲ 1024 ಬೈಟ್‌ಗಳೊಳಗೆ, ಓಜಿ ಟ್ಯಾಗ್‌ಗಳಿಗಿಂತ ಮೇಲೆ ಇರಬೇಕು. ಹಾಗಲ್ಲದೆ, ರೋಮನ್ ಅಕ್ಷರಗಳೂ ಚಿಹ್ನೆಗಳೂ ಯಾವ ಕ್ರಮವೂ ಇಲ್ಲದೆ ಬೆರೆತಂತೆ ಕಂಡರೆ, ಪಠ್ಯವನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ, ಅಂದರೆ ರೋಮನ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ ಫಾಂಟ್‌ನಲ್ಲಿ, ಬೆರಳಚ್ಚು ಮಾಡಲಾಗಿದೆ. ಮುದ್ರಣಾಲಯಗಳಲ್ಲಿ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಾಲದ ಈ ರೂಢಿ ಇನ್ನೂ ಉಳಿದಿದೆ, ಮತ್ತು ಆಹ್ವಾನಪತ್ರಿಕೆಯ ಕಡತದಿಂದ ಪಠ್ಯವನ್ನು ನಕಲು ಮಾಡಿ ತಾಣಕ್ಕೆ ಅಂಟಿಸಿದಾಗ ಅದು ಒಳಗೆ ಬರುತ್ತದೆ. ಪುಟದಲ್ಲಿ ಆ ಫಾಂಟನ್ನೂ ಜೋಡಿಸಿದ್ದರೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ಕಾರ್ಡಿಗೆ ಆ ಫಾಂಟ್ ಹೋಗುವುದಿಲ್ಲವಾದ್ದರಿಂದ ಬಣ್ಣ ಬಯಲಾಗುವುದು ಅಲ್ಲಿ. ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಿರುಗಿಸಿ, ತಪ್ಪುಗಳನ್ನು ಕಣ್ಣಾರೆ ತಿದ್ದಿ, ಆಮೇಲೆ ಬಳಸಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳ ಜಾಗದಲ್ಲಿ ಪರಿವರ್ತಕಗಳು ಎಡವುವುದುಂಟು. ಕಲಾವಿದರ ಹೆಸರುಗಳನ್ನಂತೂ ಎರಡು ಬಾರಿ ನೋಡಿ.

ಮೂರನೆಯ ಬಗೆಯೊಂದಿದೆ: ವಿವರಣೆಯೆಲ್ಲ ಸರಿಯಾಗಿದ್ದು, ಕೊನೆಯಲ್ಲಿ ಮಾತ್ರ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಯೋ ಅರ್ಧಾಕ್ಷರವೋ ಉಳಿಯುವುದು. ಇದು ಕತ್ತರಿಸುವ ತಂತ್ರಾಂಶದ ಕೆಲಸ. ‘ಶಾಸ್ತ್ರೀಯ’ ಎಂಬ ಪದವನ್ನು ನಾವು ಮೂರು ಅಕ್ಷರವೆಂದು ಎಣಿಸುತ್ತೇವೆ. ಯುನಿಕೋಡ್‌ನಲ್ಲಿ ಅದು ವ್ಯಂಜನ, ವಿರಾಮ, ಸ್ವರಚಿಹ್ನೆಗಳೆಲ್ಲ ಸೇರಿ 9 ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಒಟ್ಟು 27 ಬೈಟ್. ಬೈಟ್ ಲೆಕ್ಕದಲ್ಲಿ ಕತ್ತರಿಸುವ ಪ್ಲಗಿನ್ ಒಂದು ಸಂಕೇತದ ನಡುವೆಯೇ ಕತ್ತರಿ ಹಾಕಿದರೆ ಆ ವಜ್ರದ ಗುರುತು ಬರುತ್ತದೆ. ಸಂಕೇತದ ಲೆಕ್ಕದಲ್ಲಿ ಕತ್ತರಿಸುವಂಥದು ‘ಶಾಸ್ತ್’ ಎಂದು ನಿಲ್ಲಿಸಿಬಿಡುತ್ತದೆ. ಪುಟದ ಮೊದಲ ಪ್ಯಾರಾವನ್ನು ತಾನಾಗಿ ವಿವರಣೆಯಾಗಿಸುವ ಸೌಲಭ್ಯವನ್ನು ಕನ್ನಡ ಪುಟಗಳಲ್ಲಿ ನಂಬಬಾರದು. ಒಂದೆರಡು ಪೂರ್ಣ ವಾಕ್ಯಗಳ ವಿವರಣೆಯನ್ನು ಕೈಯಿಂದಲೇ ಬರೆಯಿರಿ, ಮತ್ತು ಮುಖ್ಯವಾದುದನ್ನು ಮೊದಲ ವಾಕ್ಯದಲ್ಲೇ ಹೇಳಿ. ವಿವರಣೆಯೊಳಗೆ ನೇರವಾದ ಜೋಡಿ ಉದ್ಧರಣ ಚಿಹ್ನೆಯನ್ನು ಹಾಗೆಯೇ ಹಾಕಿದರೆ ಟ್ಯಾಗ್ ಅಲ್ಲಿಗೇ ಮುಗಿಯಿತೆಂದು ಬಾಟ್ ತಿಳಿಯುತ್ತದೆ. ರಾಗಮಾಲಿಕೆಯ ಹೆಸರನ್ನು ಉದ್ಧರಣದಲ್ಲಿ ಕೊಡಬೇಕಿದ್ದರೆ ಒಂಟಿ ಚಿಹ್ನೆಯನ್ನು ಬಳಸಿ.

ಶೀರ್ಷಿಕೆಗೂ ಇದೇ ಮಾತು. ಹೆಚ್ಚಿನ ಸಭೆಗಳು ತಮ್ಮ ಉದ್ದನೆಯ ಹೆಸರು, ನೋಂದಣಿ, ಊರು ಇವುಗಳಿಂದ ಶೀರ್ಷಿಕೆಯನ್ನು ಆರಂಭಿಸುತ್ತವೆ, ಮತ್ತು ಫೋನಿನ ಪರದೆಯಲ್ಲಿ ಅಷ್ಟಕ್ಕೇ ಜಾಗ ಮುಗಿದಿರುತ್ತದೆ. ಸಭೆಯ ಹೆಸರಿಗೆ ಓಜಿ:ಸೈಟ್_ನೇಮ್ ಎಂಬ ಪ್ರತ್ಯೇಕ ಜಾಗವಿದೆ. ಶೀರ್ಷಿಕೆಯಲ್ಲಿ ‘ವೀಣಾ ವಾದನ, ಭಾನುವಾರ ಸಂಜೆ 6ಕ್ಕೆ, ಕುವೆಂಪುನಗರ’ ಎಂಬಷ್ಟು ಇರಲಿ. ಬ್ರೌಸರಿನ ಟ್ಯಾಬ್‌ನಲ್ಲಿ ಕಾಣುವ ಟೈಟಲ್ ಮತ್ತು ಓಜಿ:ಟೈಟಲ್ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಪುಟದ ವಿಳಾಸದಲ್ಲಿ ಕನ್ನಡ ಬಳಸುವುದರ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಬೇಕು. ವಿಳಾಸದಲ್ಲಿ ‘ಶಾಸ್ತ್ರೀಯ-ಸಂಗೀತ’ ಎಂದು ಕನ್ನಡದಲ್ಲಿ ಬರೆದರೆ, ನಕಲು ಮಾಡಿ ಅಂಟಿಸುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬಿಚ್ಚಿಕೊಂಡು, ಆ ಎರಡು ಪದಗಳೇ 127 ಅಕ್ಷರಗಳ ಸರಮಾಲೆಯಾಗುತ್ತವೆ. ಕಾರ್ಡ್ ಮೂಡದಿದ್ದಾಗ ಜನರಿಗೆ ಕಾಣುವುದು ಆ ಸರಮಾಲೆಯೊಂದೇ, ಅದನ್ನು ಕಂಡವರು ವಂಚನೆಯ ಲಿಂಕ್ ಎಂದು ಮುಟ್ಟದೆ ಬಿಡುವುದು ಸಹಜ. ಕನ್ನಡದ ಮೇಲಿನ ಅಭಿಮಾನಕ್ಕೆ ಕುಂದು ತಂದುಕೊಳ್ಳದೆ, ವಿಳಾಸವನ್ನು ಮಾತ್ರ ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಇಡುವುದೇ ಸದ್ಯಕ್ಕೆ ಉಚಿತ.

ಕಾರ್ಡಿನ ಚಿತ್ರವನ್ನು ತಂತ್ರಾಂಶದ ಮೂಲಕ ತಾನಾಗಿ ತಯಾರಿಸುವ ವ್ಯವಸ್ಥೆಯನ್ನು ಯಾರಾದರೂ ಸೂಚಿಸಿದರೆ, ಮೊದಲು ‘ಕೃಷ್ಣರಾಜ ಒಡೆಯರ್’ ಎಂದು ಅದರಲ್ಲಿ ಬರೆಸಿ ನೋಡಿ. ಕನ್ನಡದ ಅಕ್ಷರಗಳನ್ನು ಕೂಡಿಸಿ ಬರೆಯಲು ಹಾರ್ಫ್‌ಬಜ್‌ನಂಥ ಒಂದು ಜೋಡಣೆಯ ಯಂತ್ರ ಒಳಗಿರಬೇಕಾಗುತ್ತದೆ. ಚಿತ್ರದ ಮೇಲೆ ಅಕ್ಷರ ಬರೆಯುವ ಸರಳ ಲೈಬ್ರರಿಗಳಲ್ಲಿ ಅದಿಲ್ಲದೆ ಒತ್ತುಗಳೆಲ್ಲ ಪಕ್ಕಪಕ್ಕಕ್ಕೆ ಬಿಡಿಯಾಗಿ ನಿಲ್ಲುತ್ತವೆ. ಪುಟವನ್ನು ಬ್ರೌಸರಿನಲ್ಲೇ ಮೂಡಿಸಿ ಅದರ ಸ್ಕ್ರೀನ್‌ಶಾಟ್ ತೆಗೆಯುವ ವಿಧಾನದಲ್ಲಿ ಈ ಸಮಸ್ಯೆ ಇರುವುದಿಲ್ಲ.

ಟ್ಯಾಗ್‌ಗಳೆಲ್ಲ ಸರಿಯಿದ್ದೂ ಕಾರ್ಡ್ ಬಾರದಿದ್ದರೆ ಬಾಟ್‌ಗೆ ಬಾಗಿಲು ಮುಚ್ಚಿದೆಯೇ ಎಂದು ನೋಡಬೇಕು. ಬಾಟ್‌ಗಳು ಎಲ್ಲೆಲ್ಲಿ ಬರಬಾರದೆಂದು ಹೇಳುವ ರೋಬಾಟ್ಸ್.ಟಿಎಕ್ಸ್‌ಟಿ ಕಡತದಲ್ಲಿ ಚಿತ್ರಗಳ ಫೋಲ್ಡರನ್ನು ನಿರ್ಬಂಧಿಸಿರುವುದು, ಬೇರೆಯವರು ಚಿತ್ರ ಕದಿಯದಿರಲೆಂದು ಹಾಕಿದ ರಕ್ಷಣೆ, ದಾಳಿ ತಡೆಯುವ ಸೇವೆಗಳು ಬಾಟ್‌ಗಳನ್ನೆಲ್ಲ ಒಂದೇ ಸಮ ಹೊರಗಟ್ಟುವುದು, ಇವು ಸಾಮಾನ್ಯ ಅಡ್ಡಿಗಳು. ಜಾವಾಸ್ಕ್ರಿಪ್ಟ್‌ನಿಂದ ಪುಟವನ್ನು ಬ್ರೌಸರಿನಲ್ಲಿ ಕಟ್ಟುವ ರಿಯಾಕ್ಟ್‌ನಂಥ ತಾಣಗಳಲ್ಲಿ ಇನ್ನೊಂದು ತೊಂದರೆ: ಈ ಬಾಟ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟನ್ನು ಓಡಿಸುವುದಿಲ್ಲ, ಆದ್ದರಿಂದ ಆಮೇಲೆ ಸೇರಿಸಿದ ಟ್ಯಾಗ್‌ಗಳು ಅವಕ್ಕೆ ಕಾಣುವುದಿಲ್ಲ. ಪರೀಕ್ಷಿಸುವುದು ಸುಲಭ. ಬ್ರೌಸರಿನಲ್ಲಿ ‘ಇನ್‌ಸ್ಪೆಕ್ಟ್’ ಒತ್ತಿ ನೋಡದೆ ‘ವ್ಯೂ ಪೇಜ್ ಸೋರ್ಸ್’ ತೆರೆದು ನೋಡಿ. ಅಲ್ಲಿ ಓಜಿ ಟ್ಯಾಗ್ ಕಾಣದಿದ್ದರೆ ಬಾಟ್‌ಗೂ ಕಾಣುವುದಿಲ್ಲ.

ಓಜಿ:ಯುಆರ್‌ಎಲ್‌ನಲ್ಲಿ ಆಗುವ ಒಂದು ಎಡವಟ್ಟನ್ನು ವಿಶೇಷವಾಗಿ ಗಮನಿಸಿ. ಈ ಟ್ಯಾಗ್ ಆ ಪುಟದ ಅಧಿಕೃತ ವಿಳಾಸವನ್ನು ಹೇಳುವಂಥದು. ಸಿದ್ಧ ಮಾದರಿಯಿಂದ ಮಾಡಿದ ತಾಣಗಳಲ್ಲಿ ಎಲ್ಲ ಪುಟಗಳಿಗೂ ಮುಖಪುಟದ ವಿಳಾಸವೇ ಅಲ್ಲಿ ಅಚ್ಚಾಗಿರುವುದುಂಟು. ಆಗ ಫೇಸ್‌ಬುಕ್ ನೀವು ಯಾವ ಪುಟ ಹಂಚಿದರೂ ಮುಖಪುಟಕ್ಕೆ ಹೋಗಿ ಅಲ್ಲಿನ ಶೀರ್ಷಿಕೆಯನ್ನೂ ಚಿತ್ರವನ್ನೂ ತರುತ್ತದೆ. ಕಛೇರಿಯ ಪುಟ ಹಂಚಿದರೆ ಸಭೆಯ ಇತಿಹಾಸ ಬರುತ್ತದೆ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಇರುತ್ತದೆ.

ಪರೀಕ್ಷೆಯ ಸಾಧನಗಳು ಉಚಿತವಾಗಿಯೇ ಇವೆ. ಫೇಸ್‌ಬುಕ್ಕಿನ ಶೇರಿಂಗ್ ಡಿಬಗ್ಗರ್‌ನಲ್ಲಿ ವಿಳಾಸವನ್ನು ಕೊಟ್ಟು ‘ಸ್ಕ್ರೇಪ್ ಅಗೇನ್’ ಒತ್ತಿದರೆ ಹಳೆಯ ಪ್ರತಿ ಹೋಗಿ ಹೊಸದು ಬರುತ್ತದೆ. ಯಾವ ಟ್ಯಾಗ್ ಕಾಣೆಯಾಗಿದೆ, ಚಿತ್ರ ಏಕೆ ಸಿಗಲಿಲ್ಲ ಎಂಬುದನ್ನೂ ಅದು ಹೇಳುತ್ತದೆ. ಲಿಂಕ್ಡ್‌ಇನ್‌ಗೆ ಪೋಸ್ಟ್ ಇನ್‌ಸ್ಪೆಕ್ಟರ್ ಇದೆ, ಟೆಲಿಗ್ರಾಂನಲ್ಲಿ ವೆಬ್‌ಪೇಜ್‌ಬಾಟ್ ಎಂಬ ಬಾಟ್‌ಗೆ ಲಿಂಕ್ ಕಳಿಸಿದರೆ ಆಯಿತು. ಎಕ್ಸ್‌ನ ಕಾರ್ಡ್ ವ್ಯಾಲಿಡೇಟರ್ 2022ರಲ್ಲಿ ಪ್ರಿವ್ಯೂ ತೋರಿಸುವುದನ್ನು ನಿಲ್ಲಿಸಿತು. ಎಕ್ಸ್‌ಗಾಗಿ ಟ್ವಿಟರ್:ಕಾರ್ಡ್ ಎಂಬ ಒಂದೇ ಟ್ಯಾಗನ್ನು ಸೇರಿಸಿ ಅದಕ್ಕೆ ‘ಸಮರಿ_ಲಾರ್ಜ್_ಇಮೇಜ್’ ಎಂಬ ಮೌಲ್ಯ ಕೊಟ್ಟರೆ ಸಾಕು. ಉಳಿದದ್ದನ್ನು ಅದು ಓಜಿ ಟ್ಯಾಗ್‌ಗಳಿಂದಲೇ ತೆಗೆದುಕೊಳ್ಳುತ್ತದೆ. ಇಷ್ಟರ ಮೇಲೂ ಆ್ಯಪ್‌ನವರು ಮನಸ್ಸು ಬದಲಿಸಿದರೆ ನಾವೇನೂ ಮಾಡಲಾಗದು: 2023ರ ಅಕ್ಟೋಬರ್‌ನಲ್ಲಿ ಎಕ್ಸ್ ಕಾರ್ಡ್‌ಗಳಿಂದ ಶೀರ್ಷಿಕೆಯನ್ನೇ ಕಿತ್ತುಹಾಕಿ ಬರಿಯ ಚಿತ್ರವನ್ನು ಉಳಿಸಿತು, ಆಮೇಲೆ ಚಿತ್ರದ ಮೇಲೆ ಸಣ್ಣ ಅಕ್ಷರದಲ್ಲಿ ಮರಳಿ ತಂದಿತು. ಚಿತ್ರದಲ್ಲಿ ದಿನಾಂಕವಾದರೂ ಇರಲಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಒಂದು ಕಾಲದಲ್ಲಿ ಫೇಸ್‌ಬುಕ್ ಪೇಜ್ ನಡೆಸುವವರು ಪೋಸ್ಟ್ ಹಾಕುವಾಗಲೇ ಲಿಂಕಿನ ಶೀರ್ಷಿಕೆ, ವಿವರಣೆ, ಚಿತ್ರಗಳನ್ನು ತಮಗೆ ಬೇಕಾದಂತೆ ಬದಲಾಯಿಸಬಹುದಾಗಿತ್ತು. ಬೇರೆಯವರ ಸುದ್ದಿಗೆ ಸುಳ್ಳು ತಲೆಬರಹ ಅಂಟಿಸಿ ಹಂಚುವುದು ಹೆಚ್ಚಿದ್ದರಿಂದ 2017ರಲ್ಲಿ ಆ ಅವಕಾಶವನ್ನು ಹಿಂತೆಗೆದುಕೊಳ್ಳಲಾಯಿತು. ಹೀಗಾಗಿ ನಿಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ ಎಷ್ಟು ಹೆಣಗಿದರೂ ಕಾರ್ಡ್ ಸರಿಹೋಗುವುದಿಲ್ಲ. ಅದನ್ನು ತಾಣದ ಕಡೆಯಿಂದಲೇ ಸರಿಪಡಿಸಬೇಕು. ಮುಂದಿನ ದಸರೆಯ ಪುಟ ಸಿದ್ಧವಾದಾಗ ಮೊದಲು ಡಿಬಗ್ಗರ್‌ನಲ್ಲಿ ನೋಡಿ, ನಂತರ ನಿಮ್ಮ ಸಂಖ್ಯೆಗೇ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿಕೊಂಡು ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಕಾರ್ಡ್ ಹೇಗೆ ಮೂಡುತ್ತದೆಂದು ಪರೀಕ್ಷಿಸಿ, ಆಮೇಲೆ ಗುಂಪುಗಳಿಗೆ ಬಿಡಿ. ತಾಣ ಕಟ್ಟಿಕೊಟ್ಟವರಿಗೆ ಡಿಬಗ್ಗರ್ ತೋರಿಸಿದ ದೋಷಗಳ ಸ್ಕ್ರೀನ್‌ಶಾಟ್ ಕಳಿಸಿ ಇದನ್ನು ಸರಿಪಡಿಸಿಕೊಡಿ ಎಂದು ಕೇಳಿದರೆ, ವಾಟ್ಸ್‌ಆ್ಯಪ್‌ನವರ ಕಡೆಗೆ ಕೈತೋರಿಸಲು ಅವರಿಗೂ ಅವಕಾಶವಿರುವುದಿಲ್ಲ.